ಹಿಮನದಿಯ ಜಮಾ-ಖರ್ಚು ಬರೆಯುವುದು ಹೇಗೆ? ಛೋಟಾ ಶಿಗ್ರಿಯ ಮೇಲೆ ನಿಂತು ಕಲಿಯುವ ಲೆಕ್ಕ

ಮಳೆಗಾಲದಲ್ಲಿ ಪೇಪರ್ ಕೈಗೆ ಬಂದರೆ ನಮ್ಮಲ್ಲಿ ಅನೇಕರು ಮೊದಲು ನೋಡುವುದು ಜಲಾಶಯದ ಮಟ್ಟವನ್ನು. ಕೆಆರ್‌ಎಸ್ ಎಷ್ಟು ಅಡಿ, ಒಳಹರಿವು ಎಷ್ಟು ಕ್ಯೂಸೆಕ್, ಈಗ ಎಷ್ಟು ಟಿಎಂಸಿ ನೀರಿದೆ, ಎಲ್ಲವೂ ಅಲ್ಲಿರುತ್ತದೆ. ಹಿಮನದಿಯೂ ಒಂದು ಜಲಾಶಯವೇ. ಮೇಲ್ಗಡೆ ಹಿಮ ಬಿದ್ದು ಜಮಾ ಆಗುತ್ತದೆ, ಕೆಳಗಡೆ ಕರಗಿ ಖರ್ಚಾಗುತ್ತದೆ. ಆದರೆ ಅದಕ್ಕೆ ಗೇಟ್ ಇಲ್ಲ, ಗೋಡೆಯ ಮೇಲೆ ಅಡಿ ಗುರುತು ಹಾಕಿದ ಪಟ್ಟಿಯೂ ಇಲ್ಲ. ಆ ಪಟ್ಟಿಯನ್ನು ನಾವೇ ಹೊತ್ತುಕೊಂಡು ಹೋಗಿ ನೆಡಬೇಕು. ಮುಂದಿನ ವರ್ಷ ಮತ್ತೆ ಹತ್ತಿ ಹೋಗಿ ಓದಬೇಕು. ಆ ಕೆಲಸ ಹೇಗೆ ನಡೆಯುತ್ತದೆ ಎಂದು ಶುರುವಿನಿಂದ ಬರೆಯುತ್ತಿದ್ದೇನೆ. ಭೂಗೋಳ, ಭೂವಿಜ್ಞಾನ ಓದುವ ಹುಡುಗರು, ಹಿಮಾಲಯಕ್ಕೆ ಚಾರಣ ಹೋಗುವವರು, ಉಪಗ್ರಹ ಚಿತ್ರಗಳ ಜೊತೆ ಕೆಲಸ ಮಾಡುವವರು, ಎಲ್ಲರಿಗೂ ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ಉದಾಹರಣೆಗೆ ಹಿಮಾಚಲ ಪ್ರದೇಶದ ಲಾಹೌಲ್ ಕಡೆಯ ಛೋಟಾ ಶಿಗ್ರಿಯನ್ನು ತೆಗೆದುಕೊಂಡಿದ್ದೇನೆ. ಚಂದ್ರಾ ನದಿಯ ಕಣಿವೆಯಲ್ಲಿದೆ. ಉದ್ದ ಸುಮಾರು 9 ಕಿ.ಮೀ., ವಿಸ್ತೀರ್ಣ ಸುಮಾರು 15.5 ಚದರ ಕಿ.ಮೀ. ಕೆಳಗಿನ ತುದಿ 4,000 ಮೀಟರಿಗಿಂತ ಸ್ವಲ್ಪ ಮೇಲೆ, ನೆತ್ತಿ 6,200 ಮೀಟರ್ ದಾಟುತ್ತದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದವರು ಫ್ರಾನ್ಸಿನ ವಿಜ್ಞಾನಿಗಳ ಜೊತೆ ಸೇರಿ 2002ರಿಂದ ಇಲ್ಲಿ ವರ್ಷ ವರ್ಷ ಅಳತೆ ಮಾಡಿದ್ದಾರೆ. ಹಿಮಾಲಯದಲ್ಲಿ ಇಷ್ಟು ಉದ್ದದ, ಇಷ್ಟು ನಂಬಬಹುದಾದ ಲೆಕ್ಕ ಇರುವ ಹಿಮನದಿಗಳು ಬೆರಳೆಣಿಕೆಯಷ್ಟು ಮಾತ್ರ.

ತುದಿ ನೋಡಿ ತೀರ್ಮಾನ ಮಾಡಬೇಡಿ

ಸುದ್ದಿಯಲ್ಲಿ ಬರುವುದು ಯಾವಾಗಲೂ ತುದಿಯ ಕಥೆ. ಗಂಗೋತ್ರಿ ಹಿಮನದಿಯ ತುದಿಯಾದ ಗೋಮುಖ ಇಷ್ಟು ಮೀಟರ್ ಹಿಂದೆ ಸರಿಯಿತು ಅಂತ. ತುದಿ ಸರಿಯುವುದು ನಿಜ, ಆದರೆ ಅದು ಹಳೆಯ ಸುದ್ದಿ. ಮೇಲೆ ಹಿಮ ಕಡಿಮೆಯಾದದ್ದು ಕೆಳಗಿನ ತುದಿಯಲ್ಲಿ ಕಾಣಲು ಎಷ್ಟೋ ವರ್ಷ, ಕೆಲವು ಕಡೆ ದಶಕಗಳೇ ಬೇಕು. ಇನ್ನು ಕೆಲವು ಹಿಮನದಿಗಳ ತುದಿಯನ್ನು ಕಲ್ಲು-ಮಣ್ಣು ದಪ್ಪಗೆ ಮುಚ್ಚಿರುತ್ತದೆ. ತುದಿ ಇದ್ದಲ್ಲೇ ಇರುತ್ತದೆ, ಒಳಗಿನ ದಪ್ಪ ಮಾತ್ರ ಇಳಿಯುತ್ತಿರುತ್ತದೆ. ಮನುಷ್ಯ ಎಷ್ಟು ಸೊರಗಿದ ಅಂತ ಅವನ ಎತ್ತರ ಅಳೆದರೆ ಗೊತ್ತಾಗುತ್ತದೆಯೇ? ತೂಕ ನೋಡಬೇಕು ಅಲ್ವಾ.

2007ರಲ್ಲಿ ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಇಲ್ಲವಾಗಬಹುದು ಎಂಬ ಸಾಲು ಸೇರಿಕೊಂಡಿತ್ತು. ಅದಕ್ಕೆ ಆಧಾರವಿರಲಿಲ್ಲ. 2010ರಲ್ಲಿ ಅವರೇ ತಪ್ಪನ್ನು ಒಪ್ಪಿಕೊಂಡರು. ಗೂಟ ನೆಟ್ಟು ಬರೆದ ಅಂಕಿ ಆಗ ಹಿಮಾಲಯದಲ್ಲಿ ತೀರಾ ಕಡಿಮೆ ಇತ್ತು. ಅಳತೆ ಇಲ್ಲದ ಕಡೆ ಇಂಥ ಸಾಲು ಸುಲಭವಾಗಿ ನುಸುಳುತ್ತದೆ.

ಮೊದಲ ಕೆಲಸ: ಹಿಮನದಿ ಆರಿಸುವುದು, ವರ್ಷ ಆರಿಸುವುದು

ಎಲ್ಲಾ ಹಿಮನದಿಯೂ ಈ ಕೆಲಸಕ್ಕೆ ಒಗ್ಗುವುದಿಲ್ಲ. ಅಕ್ಕಪಕ್ಕದ ಗೋಡೆಗಳಿಂದ ಹಿಮಕುಸಿತ ಪದೇ ಪದೇ ಬೀಳುವಂತಿದ್ದರೆ ಜಮಾ ಲೆಕ್ಕ ಕೆಡುತ್ತದೆ. ಬಿರುಕುಗಳೇ ತುಂಬಿದ್ದರೆ ನಡೆಯುವುದೇ ಅಪಾಯ. ತುದಿ ಕೆರೆಯೊಳಗೆ ಇಳಿದಿದ್ದರೆ ತುಂಡು ತುಂಡಾಗಿ ಕಳಚಿ ಹೋದ ಮಂಜುಗಡ್ಡೆಯನ್ನು ಗೂಟದಿಂದ ಅಳೆಯಲಾಗದು. ಅಂಚು ಸ್ಪಷ್ಟವಾಗಿರಬೇಕು. ಕೆಳಗಿನಿಂದ ಮೇಲಿನವರೆಗೆ ಎತ್ತರದ ವ್ಯಾಪ್ತಿ ಚೆನ್ನಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇಪ್ಪತ್ತು ವರ್ಷ ಬಿಡದೆ ಹೋಗಿ ಬರಲು ಸಾಧ್ಯವಾಗುವಂತಿರಬೇಕು. ಛೋಟಾ ಶಿಗ್ರಿಗೆ ಈ ಗುಣಗಳಿವೆ. ಅದರ ಮೈಮೇಲೆ ಕಲ್ಲು-ಮಣ್ಣಿನ ಹೊದಿಕೆ ಕಡಿಮೆ, ಇರುವುದೂ ಬಹುಪಾಲು ಕೆಳಭಾಗದಲ್ಲೇ. ರಸ್ತೆಯಿಂದ ತುಂಬಾ ದೂರವೂ ಅಲ್ಲ. ಚಂದ್ರಾ ನದಿಯನ್ನು ತಂತಿಗೆ ತೂಗುಹಾಕಿದ ಝೂಲಾದಲ್ಲಿ ಕೂತು ದಾಟಬೇಕು, ಅಷ್ಟೇ. ಸಾಮಾನನ್ನೂ ಅದರಲ್ಲೇ ಒಂದೊಂದಾಗಿ ಎಳೆದುಕೊಳ್ಳಬೇಕು.

ಇನ್ನು ವರ್ಷ. ಬ್ಯಾಂಕಿನವರಿಗೆ ಮಾರ್ಚ್ 31 ಇದ್ದಂತೆ ಹಿಮನದಿಗೆ ಸೆಪ್ಟೆಂಬರ್ ಕೊನೆ. ಬೇಸಿಗೆಯ ಕರಗುವಿಕೆ ಮುಗಿದು, ಹೊಸ ಹಿಮ ಇನ್ನೂ ಶುರುವಾಗದ ಆ ಕೆಲವು ದಿನಗಳಲ್ಲಿ ಲೆಕ್ಕ ಮುಚ್ಚಬೇಕು. ಅಕ್ಟೋಬರ್ 1ರಿಂದ ಮುಂದಿನ ಸೆಪ್ಟೆಂಬರ್ 30ರವರೆಗೆ ಒಂದು ವರ್ಷ. ಚಳಿಗಾಲದ ಜಮಾ ಎಷ್ಟು ಎಂದು ಬೇರೆಯಾಗಿ ಬೇಕಿದ್ದರೆ ಮೇ-ಜೂನ್ ಹೊತ್ತಿಗೆ ಇನ್ನೊಂದು ಸಲ ಹೋಗಬೇಕು.

ಒಂದು ಎಚ್ಚರಿಕೆ. ಮನಾಲಿ ಇರುವುದು ಸುಮಾರು 2,000 ಮೀಟರಿನಲ್ಲಿ. ಅಲ್ಲಿಂದ ಒಂದೇ ದಿನದಲ್ಲಿ 4,000 ಮೀಟರ್ ಹತ್ತಿ ಕೆಲಸ ಶುರು ಮಾಡಬೇಡಿ. ಮೈ ಒಗ್ಗಲು ನಾಲ್ಕೈದು ದಿನ ಕೊಡಿ. ತಲೆನೋವು ಜಾಸ್ತಿಯಾಗುತ್ತಿದ್ದರೆ ಕೆಳಗಿಳಿಯಿರಿ. ಹಿಮನದಿಯ ಮೇಲೆ ಒಬ್ಬರೇ ಓಡಾಡಬೇಡಿ. ಹಗ್ಗ ಕಟ್ಟಿಕೊಂಡೇ ನಡೆಯಿರಿ, ಸ್ಥಳೀಯ ಮಾರ್ಗದರ್ಶಿಯ ಮಾತು ಕೇಳಿ. ಬಿರುಕಿನ ಮೇಲೆ ತೆಳು ಹಿಮ ಮುಚ್ಚಿಕೊಂಡಿದ್ದರೆ ನಮ್ಮ ಕಣ್ಣಿಗೆ ಅದು ಬರೀ ನೆಲ.

ಗೂಟ ನೆಡುವುದು

ಕರಗುವ ಭಾಗದಲ್ಲಿ ಅಳತೆಗೋಲು ಎಂದರೆ ಬಿದಿರಿನ ಗಳ. ಕಬ್ಬಿಣ ಯಾಕಲ್ಲ? ಲೋಹ ಬಿಸಿಲಿಗೆ ಕಾದು ಸುತ್ತಲಿನ ಮಂಜುಗಡ್ಡೆಯನ್ನು ಕರಗಿಸುತ್ತದೆ, ಭಾರವೂ ಜಾಸ್ತಿ. ಬಿದಿರು ಹಗುರ, ಅಗ್ಗ, ಶಾಖವನ್ನು ಅಷ್ಟಾಗಿ ಒಳಕ್ಕೆ ಒಯ್ಯುವುದಿಲ್ಲ. ಎರಡೆರಡು ಮೀಟರಿನ ತುಂಡುಗಳನ್ನು ತಂತಿಯಿಂದ ಒಂದಕ್ಕೊಂದು ಕಟ್ಟಿ ಹತ್ತು ಮೀಟರ್ ಉದ್ದ ಮಾಡುತ್ತಾರೆ. ತಂತಿ ಕಟ್ಟಿದ ಜಾಗ ಕೀಲಿನಂತೆ ಬಾಗಬೇಕು. ಮೇಲಿನ ತುಂಡು ಪೂರ್ತಿ ಹೊರಬಂದಾಗ ಅದು ಪಕ್ಕಕ್ಕೆ ಬಿದ್ದು ಮಲಗುತ್ತದೆ. ಇಲ್ಲದಿದ್ದರೆ ಗಾಳಿಗೆ ಇಡೀ ಗಳವೇ ಅಲ್ಲಾಡಿ ತೂತು ದೊಡ್ಡದಾಗುತ್ತದೆ. ಪ್ರತಿ ತುಂಡಿಗೂ ಬಣ್ಣದಲ್ಲಿ ನಂಬರ್ ಬರೆಯಿರಿ. ಮುಂದಿನ ವರ್ಷ ಯಾವ ತುಂಡು ನಿಂತಿದೆ, ಯಾವುದು ಮಲಗಿದೆ ಎಂದು ನೋಡಿದರೆ ಅರ್ಧ ಲೆಕ್ಕ ಅಲ್ಲೇ ಸಿಗುತ್ತದೆ.

ತೂತು ಕೊರೆಯಲು ಸ್ಟೀಮ್ ಡ್ರಿಲ್ ಬಳಸುತ್ತಾರೆ. ಗ್ಯಾಸ್ ಒಲೆಯ ಮೇಲೆ ಸಣ್ಣ ಬಾಯ್ಲರ್, ಅದರಿಂದ ಹೊರಡುವ ಉದ್ದದ ಪೈಪ್, ತುದಿಯಲ್ಲಿ ಮೂತಿ. ಬಿಸಿ ಹಬೆ ಮಂಜುಗಡ್ಡೆಯನ್ನು ಕರಗಿಸುತ್ತಾ ಕೆಳಗಿಳಿಯುತ್ತದೆ. ಪೈಪನ್ನು ಒತ್ತಬೇಡಿ. ಅದರ ಭಾರಕ್ಕೆ ಅದೇ ಇಳಿಯಲಿ, ಆಗ ತೂತು ನೇರವಾಗಿ ಬರುತ್ತದೆ. ತೂತಿನಲ್ಲಿ ನೀರು ನಿಂತಿರುತ್ತದೆ, ಒಣ ಬಿದಿರು ತೇಲುತ್ತದೆ. ಹಾಗಾಗಿ ಗಳ ತಳ ಮುಟ್ಟಿದೆಯೇ ಎಂದು ಒತ್ತಿ ನೋಡಿ. ಸಾಧ್ಯವಾದರೆ ಮರುದಿನ ಬೆಳಿಗ್ಗೆ ಬಂದು ಮತ್ತೊಮ್ಮೆ ಅಳೆಯಿರಿ. ರಾತ್ರಿಯಲ್ಲಿ ಅರ್ಧ ಅಡಿ ಮೇಲೆದ್ದ ಗೂಟ ಒಂದು ವರ್ಷದ ಲೆಕ್ಕವನ್ನೇ ಸುಳ್ಳು ಮಾಡುತ್ತದೆ.

ಎಷ್ಟು ಗೂಟ ಬೇಕು? ಛೋಟಾ ಶಿಗ್ರಿಯಲ್ಲಿ ಇಪ್ಪತ್ತೈದರ ಆಸುಪಾಸಿನಲ್ಲಿ ಇಟ್ಟಿದ್ದಾರೆ. ನಡುವಿನ ಸಾಲಿನಲ್ಲಿ ಕೆಳಗಿನಿಂದ ಮೇಲಕ್ಕೆ ಎತ್ತರ ಬದಲಾದಂತೆ ಒಂದೊಂದು ಇರಲಿ. ಕೆಲವು ಕಡೆ ಅಡ್ಡಸಾಲಿನಲ್ಲೂ ನೆಡಿ, ಯಾಕೆಂದರೆ ನೆರಳಿನ ಬದಿಗೂ ಬಿಸಿಲಿನ ಬದಿಗೂ ವ್ಯತ್ಯಾಸ ಇರುತ್ತದೆ. ಕಲ್ಲು ಮುಚ್ಚಿದ ಭಾಗವನ್ನು ಕಷ್ಟ ಅಂತ ಬಿಡಬೇಡಿ. ಅಲ್ಲಿ ವಿಚಿತ್ರ ನಡೆಯುತ್ತದೆ. ತೆಳ್ಳಗೆ ಧೂಳು ಕೂತರೆ ಬಿಸಿಲು ಹೀರಿ ಕರಗುವುದು ಜಾಸ್ತಿಯಾಗುತ್ತದೆ. ಅದೇ ಹೊದಿಕೆ ಕೆಲವು ಸೆಂಟಿಮೀಟರ್ ದಪ್ಪವಾದರೆ ಕಂಬಳಿಯಂತೆ ತಡೆದು ಕರಗುವುದು ಕಡಿಮೆಯಾಗುತ್ತದೆ. ಬರೀ ಬಿಳಿ ಜಾಗದಲ್ಲೇ ಗೂಟ ನೆಟ್ಟರೆ ಈ ಎರಡೂ ತಪ್ಪಿಹೋಗುತ್ತವೆ.

ನೆಟ್ಟ ಮೇಲೆ ಜಿಪಿಎಸ್‌ನಲ್ಲಿ ಜಾಗ ಬರೆದುಕೊಳ್ಳಿ. ಹಿಮನದಿ ಹರಿಯುತ್ತದೆ, ಗೂಟವೂ ಅದರ ಜೊತೆ ಕೆಳಗೆ ಹೋಗುತ್ತದೆ. ಎಷ್ಟು ಹೋಯಿತು ಎಂಬುದೇ ಅದರ ವೇಗ, ಅದು ಪುಕ್ಕಟೆ ಸಿಗುವ ಇನ್ನೊಂದು ಅಳತೆ. ಗೂಟ ತುಂಬಾ ಕೆಳಗೆ ಸರಿದಿದ್ದರೆ ಹಳೆಯ ಜಾಗದಲ್ಲೇ ಹೊಸದನ್ನು ನೆಡಬೇಕು.

ಗೂಟ ಓದುವುದು

ಇದು ಸುಮ್ನೆ ಟೇಪ್ ಹಿಡಿಯುವ ಕೆಲಸ ಅನಿಸುತ್ತದೆ. ಬಹಳ ತಪ್ಪು ಆಗುವುದು ಇಲ್ಲೇ. ಗೂಟದ ಬುಡದಲ್ಲಿ ಮಂಜುಗಡ್ಡೆ ಬಟ್ಟಲಿನಂತೆ ಕುಳಿ ಬಿದ್ದಿರುತ್ತದೆ. ಟೇಪನ್ನು ಆ ಕುಳಿಯ ತಳಕ್ಕೆ ಇಳಿಸಿದರೆ ನಷ್ಟ ಜಾಸ್ತಿ ತೋರುತ್ತದೆ. ಅದಕ್ಕೆ ಐಸ್ ಆಕ್ಸಿನ ಹಿಡಿಯನ್ನೋ ಒಂದು ಹಲಗೆಯನ್ನೋ ಕುಳಿಯ ಮೇಲೆ ಅಡ್ಡ ಇಟ್ಟು, ಅಲ್ಲಿಂದ ಗೂಟದ ತುದಿಗೆ ಅಳೆಯಬೇಕು. ನಾಲ್ಕು ದಿಕ್ಕಿನಲ್ಲೂ ಅಳೆದು ಸರಾಸರಿ ತೆಗೆಯಿರಿ. ಗೂಟ ವಾಲಿದ್ದರೆ ಎಷ್ಟು ವಾಲಿದೆ ಎಂದು ಬರೆಯಿರಿ. ಮೇಲೆ ಹೊಸ ಹಿಮ ಬಿದ್ದಿದ್ದರೆ ಕೆದಕಿ ಗಟ್ಟಿ ಮಂಜುಗಡ್ಡೆ ತನಕ ಹೋಗಿ ಅಳೆಯಿರಿ. ಹಿಮದ ದಪ್ಪವನ್ನು ಬೇರೆ ಕಾಲಮಿನಲ್ಲಿ ಬರೆಯಿರಿ. ಪೆನ್ಸಿಲ್‌ನಲ್ಲೇ ಬರೆಯಿರಿ. ಬೆಳಗಿನ ಚಳಿಗೆ ಬಾಲ್‌ಪೆನ್ ಕೈಕೊಡುತ್ತದೆ, ಒದ್ದೆ ಹಾಳೆಯಲ್ಲಿ ಇಂಕ್ ಹರಡುತ್ತದೆ. ಪ್ರತಿ ಗೂಟಕ್ಕೂ ಒಂದು ಫೋಟೋ ಇರಲಿ, ನಂಬರ್ ಕಾಣುವಂತೆ.

ಒಂದು ಲೆಕ್ಕ ಮಾಡೋಣ. ಕಳೆದ ಅಕ್ಟೋಬರಿನಲ್ಲಿ ಗೂಟ 0.60 ಮೀಟರ್ ಹೊರಗಿತ್ತು. ಈ ಅಕ್ಟೋಬರಿನಲ್ಲಿ, ಮಲಗಿದ ತುಂಡನ್ನೂ ಸೇರಿಸಿ, 3.40 ಮೀಟರ್. ಅಂದರೆ 2.80 ಮೀಟರ್ ಮಂಜುಗಡ್ಡೆ ಹೋಯಿತು. ಮಂಜುಗಡ್ಡೆ ನೀರಿಗಿಂತ ಹಗುರ, ಒಂದು ಘನ ಮೀಟರಿಗೆ ಸುಮಾರು 900 ಕಿಲೋ. ಹಾಗಾಗಿ 2.80ನ್ನು 0.9ರಿಂದ ಗುಣಿಸಿ. 2.52 ಮೀಟರ್ ನೀರು. ಆ ಜಾಗದ ಲೆಕ್ಕ: ಮೈನಸ್ 2.52. ಎಲ್ಲವನ್ನೂ ಹೀಗೆ ನೀರಿನ ಮೀಟರಿಗೆ ಇಳಿಸಲೇಬೇಕು. ಒಂದು ಮೀಟರ್ ಹೊಸ ಹಿಮಕ್ಕೂ ಒಂದು ಮೀಟರ್ ಮಂಜುಗಡ್ಡೆಗೂ ಹತ್ತಿಗೂ ಕಲ್ಲಿಗೂ ಇರುವಷ್ಟು ವ್ಯತ್ಯಾಸ.

ಮೇಲೆ ಗುಂಡಿ ತೋಡುವುದು

ಛೋಟಾ ಶಿಗ್ರಿಯಲ್ಲಿ ಸುಮಾರು 5,000 ಮೀಟರ್ ದಾಟಿದ ಮೇಲೆ ಹಿಮ ಉಳಿಯಲು ಶುರುವಾಗುತ್ತದೆ. ಅಲ್ಲಿ ಗೂಟಕ್ಕಿಂತ ಗುಂಡಿ ಅಥವಾ ಕೊರೆದು ತೆಗೆದ ಹಿಮದ ಉದ್ದನೆಯ ದುಂಡು ತುಂಡೇ ಆಧಾರ. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಭಾಗ ಇದು.

ಗುಂಡಿಯ ಒಂದು ಗೋಡೆ ನೆರಳಿನಲ್ಲಿ ಇರುವಂತೆ ತೋಡಬೇಕು. ಅದೇ ಅಳತೆಯ ಗೋಡೆ. ಆ ಬದಿಯ ಮೇಲ್ಭಾಗವನ್ನು ತುಳಿಯಬೇಡಿ, ತೋಡಿದ ಹಿಮವನ್ನು ಅಲ್ಲಿ ಹಾಕಬೇಡಿ. ಇಳಿಯುತ್ತಾ ಹೋದಂತೆ ಗೋಡೆಯಲ್ಲಿ ಪದರಗಳು ಕಾಣುತ್ತವೆ. ಮೇಲೆ ಹಿಟ್ಟಿನಂಥ ಹಿಮ. ಅದರ ಕೆಳಗೆ ಸಕ್ಕರೆಯಂತೆ ಉದುರುವ ಕಾಳು ಕಾಳು ಹಿಮ. ನಡುವೆ ಅಲ್ಲಲ್ಲಿ ಗಾಜಿನ ಹಾಳೆಯಂಥ ತೆಳು ಮಂಜಿನ ಗೆರೆ, ಯಾವುದೋ ಬೆಚ್ಚಗಿನ ದಿನ ಕರಗಿ ಮತ್ತೆ ಹೆಪ್ಪುಗಟ್ಟಿದ್ದು. ಇನ್ನೂ ಕೆಳಗೆ ಹೋದರೆ ಒಂದು ಕಡೆ ಸಲಿಕೆಯ ಸದ್ದೇ ಬದಲಾಗುತ್ತದೆ. ಗೋಡೆಯಲ್ಲಿ ಕಂದುಬಣ್ಣದ ಒಂದು ಗೆರೆ, ಬೆರಳಿಟ್ಟರೆ ಧೂಳು ಅಂಟುತ್ತದೆ. ಅದೇ ಕಳೆದ ಬೇಸಿಗೆಯ ಮೇಲ್ಮೈ. ಗಾಳಿ ತಂದ ಧೂಳು ಕೂತು ಉಳಿದದ್ದು. ಆ ಗೆರೆಯ ಮೇಲಿರುವುದೆಲ್ಲ ಈ ವರ್ಷದ ಜಮಾ. ಗೆರೆಯ ಬಗ್ಗೆ ಅನುಮಾನ ಬಾರದಿರಲಿ ಎಂದು ಕೆಲವರು ಹಿಂದಿನ ವರ್ಷವೇ ಆ ಜಾಗದಲ್ಲಿ ಬಣ್ಣದ ಪುಡಿ ಹರಡಿ ಬಂದಿರುತ್ತಾರೆ.

ದಪ್ಪ ಗೊತ್ತಾಯಿತು, ಇನ್ನು ತೂಕ. ಗಾತ್ರ ಗೊತ್ತಿರುವ ಉಕ್ಕಿನ ಕೊಳವೆಯನ್ನು ಮೇಲಿನಿಂದ ಕೆಳಗಿನವರೆಗೆ ಹತ್ತು ಹತ್ತು ಸೆಂಟಿಮೀಟರಿಗೆ ಒಮ್ಮೆ ಗೋಡೆಗೆ ತೂರಿಸಿ ಹಿಮ ತೆಗೆದು ತೂಗಬೇಕು. 500 ಘನ ಸೆಂ.ಮೀ. ಕೊಳವೆಯಲ್ಲಿ 200 ಗ್ರಾಂ ಹಿಮ ಬಂದರೆ ಸಾಂದ್ರತೆ 0.40. ಕೆಳಗೆ ಹೋದಂತೆ ಅದು ಏರುತ್ತದೆ. ಗೆರೆಯ ತನಕ 2.40 ಮೀಟರ್ ದಪ್ಪ, ಸರಾಸರಿ ಸಾಂದ್ರತೆ 0.45 ಎಂದುಕೊಳ್ಳಿ. 1.08 ಮೀಟರ್ ನೀರು ಜಮಾ. ತೂಗದೆ ಅಂದಾಜಿನ ಸಾಂದ್ರತೆ ಹಾಕಬೇಡಿ. ಅಲ್ಲಿ ಕೈ ಮರಗಟ್ಟುತ್ತದೆ, ಬೇಗ ಮುಗಿಸೋಣ ಅನಿಸುತ್ತದೆ. ಆದರೂ ತೂಗಿ. ಮುಂದಿನ ವರ್ಷದ ತನಕ ಆ ಗೋಡೆ ಮತ್ತೆ ಸಿಗುವುದಿಲ್ಲ.

ಇಡೀ ಹಿಮನದಿಗೆ ಹರಡುವುದು

ಕೆಲವು ಗೂಟ, ಕೆಲವು ಗುಂಡಿ ಸಿಕ್ಕವು. ಇವುಗಳ ಸರಾಸರಿ ತೆಗೆದರೆ ಆಯಿತಲ್ಲ ಎಂದು ಅನಿಸಬಹುದು. ಆಗದು. ಪ್ರತಿ ಎತ್ತರದಲ್ಲೂ ಹಿಮನದಿಯ ಅಗಲ ಬೇರೆ ಬೇರೆ. ಅದಕ್ಕೆ ನಕ್ಷೆಯಲ್ಲಿ ಹಿಮನದಿಯನ್ನು ಎತ್ತರದ ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಪಟ್ಟಿಯ ವಿಸ್ತೀರ್ಣದಿಂದ ಅಲ್ಲಿನ ಅಂಕಿಯನ್ನು ಗುಣಿಸಬೇಕು. ನಿಜವಾದ ಕೆಲಸದಲ್ಲಿ 50 ಮೀಟರಿಗೆ ಒಂದು ಪಟ್ಟಿ ಮಾಡುತ್ತಾರೆ. ಕಲಿಯಲು ಮೂರೇ ಸಾಕು.

ಕೆಳಗಿನ ಪಟ್ಟಿ 4 ಚದರ ಕಿ.ಮೀ., ಅಲ್ಲಿ ಮೈನಸ್ 2.5 ಮೀಟರ್. ನಡುವಿನದು 5 ಚದರ ಕಿ.ಮೀ., ಮೈನಸ್ 0.6. ಮೇಲಿನದು 6 ಚದರ ಕಿ.ಮೀ., ಪ್ಲಸ್ 0.9. ಗುಣಿಸಿದರೆ ಮೈನಸ್ 10, ಮೈನಸ್ 3, ಪ್ಲಸ್ 5.4. ಕೂಡಿದರೆ ಮೈನಸ್ 7.6. ಒಟ್ಟು ವಿಸ್ತೀರ್ಣ 15ರಿಂದ ಭಾಗಿಸಿದರೆ ಮೈನಸ್ 0.51 ಮೀಟರ್. ಇದೇ ಆ ವರ್ಷದ ಉತ್ತರ. ಮೂರು ಅಂಕಿಗಳ ಬರೀ ಸರಾಸರಿ ತೆಗೆದಿದ್ದರೆ ಮೈನಸ್ 0.73 ಬರುತ್ತಿತ್ತು. ನಷ್ಟವನ್ನು ಹೆಚ್ಚುಕಡಿಮೆ ಒಂದೂವರೆ ಪಟ್ಟು ಮಾಡಿ ಹೇಳಿದಂತಾಗುತ್ತಿತ್ತು.

ಛೋಟಾ ಶಿಗ್ರಿಯ ನಿಜವಾದ ಅಂಕಿ ಇದರ ಹತ್ತಿರವೇ ಇದೆ. 2002ರಿಂದ 2019ರವರೆಗಿನ 17 ವರ್ಷಗಳ ಸರಾಸರಿ ವರ್ಷಕ್ಕೆ ಮೈನಸ್ 0.46 ಮೀಟರ್. ನಮ್ಮ ಭಾಷೆಗೆ ತಿರುಗಿಸೋಣ. 15.5 ಚದರ ಕಿ.ಮೀ. ಮೇಲೆ 0.46 ಮೀಟರ್ ಎಂದರೆ ಸುಮಾರು 71 ಲಕ್ಷ ಘನ ಮೀಟರ್, ಅಂದರೆ ಕಾಲು ಟಿಎಂಸಿ. 17 ವರ್ಷಕ್ಕೆ ನಾಲ್ಕು ಟಿಎಂಸಿಗಿಂತ ಸ್ವಲ್ಪ ಜಾಸ್ತಿ. ಇದು ಪ್ರತಿ ವರ್ಷ ಬಿದ್ದು ಕರಗುವ ಹಿಮದ ಲೆಕ್ಕವಲ್ಲ. ಅದೆಲ್ಲ ಕಳೆದು, ಅಸಲಿನಿಂದಲೇ ತೆಗೆದು ಖರ್ಚು ಮಾಡಿದ್ದು. ಒಂದು ಮಧ್ಯಮ ಗಾತ್ರದ ಹಿಮನದಿಯಿಂದ ಮಾತ್ರ.

ಹಾಗಂತ ಎಲ್ಲಾ ವರ್ಷವೂ ನಷ್ಟದ್ದಲ್ಲ. ಚಳಿಗಾಲದ ಹಿಮ ಚೆನ್ನಾಗಿ ಬಿದ್ದು, ಬೇಸಿಗೆಯ ನಡುವೆಯೂ ಹಿಮ ಬಿದ್ದು ಮೇಲ್ಮೈ ಬೆಳ್ಳಗೆ ಉಳಿದ ವರ್ಷಗಳಲ್ಲಿ ಲೆಕ್ಕ ಪ್ಲಸ್ ಆಗಿರುವುದೂ ಉಂಟು. ಒಂದೆರಡು ವರ್ಷ ಅಳೆದು ಮಾತಾಡಬಾರದು ಎನ್ನುವುದು ಇದಕ್ಕೇ. ಉತ್ತರದ ಪಕ್ಕದಲ್ಲಿ ತಪ್ಪಿನ ಅಂದಾಜನ್ನೂ ಬರೆಯಿರಿ. ಛೋಟಾ ಶಿಗ್ರಿಯ ಒಂದು ವರ್ಷದ ಅಂಕಿ 0.40 ಮೀಟರ್ ಹೆಚ್ಚೋ ಕಡಿಮೆಯೋ ಇರಬಹುದು ಎಂದು ಅಳೆದವರೇ ಪ್ರಾಮಾಣಿಕವಾಗಿ ಹಾಕಿದ್ದಾರೆ.

ಬೆಂಗಳೂರಿನಲ್ಲಿ ಕೂತು ಮಾಡಬಹುದಾದ ಅಳತೆ

ಹತ್ತಲು ಆಗದವರಿಗೂ ಕೆಲಸವಿದೆ. ಸೆಪ್ಟೆಂಬರ್ ಕೊನೆಯಲ್ಲಿ ಹಿಮ ಉಳಿದ ಭಾಗಕ್ಕೂ ಬರೀ ಮಂಜುಗಡ್ಡೆ ಕಾಣುವ ಭಾಗಕ್ಕೂ ನಡುವೆ ಒಂದು ಗೆರೆ ಇರುತ್ತದೆ. ಉಪಗ್ರಹ ಚಿತ್ರದಲ್ಲಿ ಮೇಲೆ ಬೆಳ್ಳಗೆ, ಕೆಳಗೆ ಬೂದುಬಣ್ಣ. ಗೆರೆಯ ಮೇಲಿನ ಭಾಗ ಒಟ್ಟು ವಿಸ್ತೀರ್ಣದ ಎಷ್ಟು ಪಾಲು ಎಂದು ನೋಡಿದರೆ ಆ ವರ್ಷದ ಲೆಕ್ಕದ ಅಂದಾಜು ಸಿಗುತ್ತದೆ. ಛೋಟಾ ಶಿಗ್ರಿಯಲ್ಲಿ ಈ ಪಾಲು ಶೇ. 60ರ ಆಸುಪಾಸು ಇದ್ದರೆ ಜಮಾ-ಖರ್ಚು ಸರಿಸಮ. ಅದಕ್ಕಿಂತ ಕಡಿಮೆ ಇದ್ದರೆ ನಷ್ಟ. ಹಿಮಾಲಯಕ್ಕೆ ಈ ಸಂಬಂಧವನ್ನು 1992ರಲ್ಲೇ ಬರೆದು ತೋರಿಸಿದವರು ಹಿಮನದಿ ವಿಜ್ಞಾನಿ ಅನಿಲ್ ಕುಲಕರ್ಣಿ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ, ಹವಾಮಾನ ಬದಲಾವಣೆ ಕುರಿತ ದಿವೇಚಾ ಕೇಂದ್ರದಲ್ಲಿ ಇದನ್ನೇ ಬೆಳೆಸಿದರು. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಪುಕ್ಕಟೆ ಸಿಗುತ್ತವೆ, ಅವನ್ನು ನಕ್ಷೆಯಾಗಿ ಅಳೆಯುವ ಕ್ಯೂಜಿಐಎಸ್ ತಂತ್ರಾಂಶ ಕೂಡ ಪುಕ್ಕಟೆ. ಮುಂಗಾರಿನ ಮೋಡವೇ ದೊಡ್ಡ ತೊಡಕು. ಆಗಸ್ಟ್‌ನಿಂದ ಅಕ್ಟೋಬರ್ ತನಕ ಸಿಕ್ಕ ಎಲ್ಲಾ ಚಿತ್ರಗಳನ್ನೂ ನೋಡಿ, ಗೆರೆ ಅತಿ ಮೇಲೆ ಹೋದ ದಿನವನ್ನು ಹಿಡಿಯಬೇಕು. ನಡುವೆ ಹೊಸ ಹಿಮ ಬಿದ್ದು ಗೆರೆ ಮುಚ್ಚಿದ್ದರೆ ಆ ಚಿತ್ರ ಬಿಡಿ.

ಎರಡನೆಯ ದಾರಿ, ಹಿಮನದಿಯ ಎತ್ತರವನ್ನೇ ಎರಡು ಕಾಲದಲ್ಲಿ ಹೋಲಿಸುವುದು. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಬಳಸಿ ಭೂಮಿಯ ಬಹುಪಾಲು ನೆಲದ ಎತ್ತರ ಅಳೆದರು. ಈಚಿನ ಎತ್ತರದ ನಕ್ಷೆಯಿಂದ ಅದನ್ನು ಕಳೆದರೆ ಎಷ್ಟು ತೆಳ್ಳಗಾಯಿತು ಎಂದು ಕಾಣುತ್ತದೆ. ಹತ್ತು ವರ್ಷಕ್ಕೆ ಸರಾಸರಿ 6 ಮೀಟರ್ ಇಳಿದಿದ್ದರೆ, 0.85ರಿಂದ ಗುಣಿಸಿ, ಹತ್ತರಿಂದ ಭಾಗಿಸಿ. ವರ್ಷಕ್ಕೆ 0.51 ಮೀಟರ್ ನೀರು. ಇಲ್ಲಿ 0.9 ಅಲ್ಲ, 0.85. ಹೋದದ್ದರಲ್ಲಿ ಗಟ್ಟಿ ಮಂಜುಗಡ್ಡೆಯ ಜೊತೆ ಸ್ವಲ್ಪ ಸಡಿಲ ಹಿಮವೂ ಸೇರಿರುತ್ತದೆ ಎಂಬ ಕಾರಣಕ್ಕೆ. ಕಳೆಯುವ ಮೊದಲು ಎರಡೂ ನಕ್ಷೆಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿ. ಸುತ್ತಲಿನ ಬಂಡೆಗಳು ಕರಗುವುದಿಲ್ಲ, ಅಲ್ಲಿ ವ್ಯತ್ಯಾಸ ಸೊನ್ನೆ ಬರಬೇಕು. ಬರದಿದ್ದರೆ ನಕ್ಷೆ ಜಾರಿದೆ ಎಂದರ್ಥ. ರೇಡಾರ್ ಒಣ ಹಿಮದೊಳಗೆ ಸ್ವಲ್ಪ ಇಳಿದು ಅಳೆಯುತ್ತದೆ, ಅದನ್ನೂ ಸರಿಪಡಿಸಬೇಕು.

ಹಳೆಯ ಬೇಹುಗಾರಿಕೆ ಉಪಗ್ರಹಗಳ ಚಿತ್ರಗಳನ್ನೂ ಹೀಗೆ ಬಳಸಿ, 2019ರಲ್ಲಿ ಹಿಮಾಲಯದ ಸುಮಾರು 650 ಹಿಮನದಿಗಳ ಲೆಕ್ಕ ತೆಗೆದರು. 1975ರಿಂದ 2000ದವರೆಗೆ ಇದ್ದ ನಷ್ಟದ ವೇಗ 2000ದಿಂದ 2016ರ ನಡುವೆ ದುಪ್ಪಟ್ಟಾಗಿತ್ತು. 2017ರವರೆಗೆ ಕೆಲಸ ಮಾಡಿದ ಗ್ರೇಸ್, ಅದರ ನಂತರದ ಗ್ರೇಸ್-ಎಫ್‌ಒ ಎಂಬ ಜೋಡಿ ಉಪಗ್ರಹಗಳು ಗುರುತ್ವದ ಬದಲಾವಣೆಯಿಂದಲೇ ತೂಕ ಹೇಳುತ್ತವೆ, ಆದರೆ ಅವು ನೋಡುವುದು ದೊಡ್ಡ ಪ್ರದೇಶವನ್ನು. ಒಂದು ಹಿಮನದಿಗೆ ಅವನ್ನು ನಂಬಿಕೊಳ್ಳಬೇಡಿ.

ಉಪಗ್ರಹ ಇದ್ದ ಮೇಲೆ ಗೂಟ ಯಾಕೆ ಎಂದು ಕೇಳುವವರಿದ್ದಾರೆ. ಉಪಗ್ರಹ ಹತ್ತು ವರ್ಷದ ಮೊತ್ತ ಹೇಳುತ್ತದೆ. ಯಾವ ವರ್ಷ ಏನಾಯಿತು, ಹಿಮ ಕಡಿಮೆ ಬಿತ್ತೋ ಬಿಸಿಲು ಜಾಸ್ತಿಯಾಯಿತೋ ಎಂದು ಹೇಳುವುದು ಗೂಟ ಮತ್ತು ಗುಂಡಿ. ಎರಡೂ ಬೇಕು. ಐದು-ಹತ್ತು ವರ್ಷಕ್ಕೊಮ್ಮೆ ಗೂಟದ ಮೊತ್ತವನ್ನು ಎತ್ತರದ ನಕ್ಷೆಯ ಮೊತ್ತದ ಪಕ್ಕದಲ್ಲಿಟ್ಟು ನೋಡಿ. ದೂರ ದೂರ ಇದ್ದರೆ ಗೂಟದ ಜಾಗಗಳಲ್ಲೋ ಸಾಂದ್ರತೆಯಲ್ಲೋ ತಪ್ಪಿದೆ, ಹಿಂದಕ್ಕೆ ಹೋಗಿ ಹುಡುಕಬೇಕು.

ಕೆಳಗಿಳಿಯುವ ಮುಂಚೆ

ಕೊನೆಯ ದಿನ ಪ್ರತಿ ಗೂಟ ಎಷ್ಟು ಉಳಿದಿದೆ ಎಂದು ನೋಡಿ. ತುದಿಯ ಹತ್ತಿರ ಒಂದೇ ವರ್ಷದಲ್ಲಿ ನಾಲ್ಕೈದು ಮೀಟರ್ ಕರಗಬಹುದು. ಒಳಗೆ ಆರು ಮೀಟರಿಗಿಂತ ಕಡಿಮೆ ಇದ್ದರೆ ಪಕ್ಕದಲ್ಲೇ ಹೊಸ ಗೂಟ ನೆಟ್ಟು, ಎರಡನ್ನೂ ಓದಿ ಬರೆದುಕೊಳ್ಳಿ. ಮಲಗಿದ ಬಿದಿರಿನ ತುಂಡುಗಳನ್ನು ಹೊತ್ತು ತನ್ನಿ, ಅಲ್ಲಿ ಬಿಡಬೇಡಿ. ಪುಸ್ತಕದ ಪ್ರತಿ ಹಾಳೆಯ ಫೋಟೋ ತೆಗೆದು ಇನ್ನೊಬ್ಬರ ಮೊಬೈಲಿನಲ್ಲೂ ಇಡಿ. ಝೂಲಾದಲ್ಲಿ ನದಿ ದಾಟುವಾಗ ಪುಸ್ತಕ ಬ್ಯಾಗಿನಲ್ಲಿ ಬೇಡ, ಜಾಕೆಟ್ಟಿನ ಒಳಜೇಬಿನಲ್ಲಿ ಇರಲಿ.